ಕೆಂಪು ಕಾರಿನ ಹೊಟ್ಟೆಯ ಟಕ್

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ವಾರದ ತನಕ, ಒಂದು ‘ಟಕ್’ ಇತ್ತು. ಗುಬ್ಬಿಯ ಅತ್ತೆಯ ಕೆಂಪು ರೇಸ್ ಕಾರಿನ ಹೊಟ್ಟೆಯಲ್ಲಿ ಅದರ ವಾಸ. ಅತ್ತೆ ಆಕ್ಸಿಲರೇಟರ್ ಒತ್ತಿದರೆ ಟಕ್. ಕಾಲು ತೆಗೆದರೆ ಮತ್ತೆ ಟಕ್. ಒಳಗೆ ಯಾರೋ ಕೂತು ಬಾಗಿಲು ತಟ್ಟಿದ ಹಾಗೆ.

“ಭಾನುವಾರ ರೇಸು, ಅಣ್ಣ. ಇದು ಹೀಗೇ ಇದ್ರೆ ನನ್ನನ್ನ ಟ್ರ್ಯಾಕಿಗೇ ಬಿಡಲ್ಲ,” ಅಂದಳು ಅತ್ತೆ.

“ನಿಧಾನಕ್ಕೆ ಓಡಿಸು, ತಾನೇ ಸುಮ್ಮನಾಗುತ್ತೆ,” ಅಂದ ಅಪ್ಪ, ಕಾರಿನ ಕೆಳಗಿಂದ.

“ನಿಧಾನಕ್ಕೆ ತೂಗೋಕೆ ಇದೇನು ತೊಟ್ಟಿಲಾ?”

ಗ್ಯಾರೇಜಿನ ಗ್ರೈಂಡರ್ ಸದ್ದಿನಲ್ಲೇ ಕೂದಲು ಬೆಳ್ಳಗಾದ ಅಪ್ಪನ ಕಿವಿ ಈಗ ಸ್ವಲ್ಪ ಮಂದ. ಹಾಗಾಗಿ ಟೆಸ್ಟ್ ಡ್ರೈವಿಗೆ ಮಗಳು ಗುಬ್ಬಿಯ ಕಿವಿಯೇ ಬೇಕು. “ಟಕ್ ಪೂರ್ತಿ ಹೋಗೋವರೆಗೂ ನಾನೇ ಕೇಳಿ ಹೇಳ್ತೀನಿ ಅತ್ತೆ, ಪ್ರಾಮಿಸ್!” ಅಂದಿದ್ದಳು ಅವಳು. ಅವತ್ತಿನಿಂದ ಶಾಲೆಯಲ್ಲೂ ಅವಳಿಗೆ ಎರಡು ಕೊಂಬು ಮೂಡಿದ್ದವು.

ಆದರೆ ಒಂದು ದಿನ ಎಡವಟ್ಟಾಯಿತು. ಅಪ್ಪ ಮುಂದಿನ ಚಕ್ರ ಅಲ್ಲಾಡಿಸಿ ನೋಡುತ್ತಿದ್ದಾಗ ಗುಬ್ಬಿ ತಮಾಷೆಗೆ ಅವನ ಬೆನ್ನ ಹಿಂದೆ ಬಗ್ಗಿ, ನಾಲಿಗೆಯಲ್ಲೇ ಗಟ್ಟಿಯಾಗಿ ‘ಟಕ್’ ಎಂದಳು. ಅಪ್ಪ ಚಕ್ರ ಬಿಚ್ಚಿಯೇಬಿಟ್ಟ! ಸಂಜೆಯೆಲ್ಲ ಅದಕ್ಕೇ ಹೋಯಿತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ನಗಲಿಲ್ಲ.

ಮರುದಿನ ಗುಬ್ಬಿ ಶಾಲೆಯಿಂದ ಬಂದು ಬ್ಯಾಗ್ ಇಳಿಸುವಾಗ ಗ್ಯಾರೇಜಿನ ಒಳಗಿಂದ ಅಪ್ಪನ ಮಾತು ಕೇಳಿಸಿತು.

“ಆಟ ಜಾಸ್ತಿಯಾಗಿದೆ ಕಣೇ. ಅದಕ್ಕೇ ಇಷ್ಟು ಕಾಟ.”

“ಹಾಗಿದ್ರೆ ಪೂರ್ತಿ ನಿಲ್ಲಿಸಿಬಿಡು,” ಅಂದಳು ಅತ್ತೆ.

ಅತ್ತೆ ಕೂಡ ಹೀಗಂದಳಾ? ಗುಬ್ಬಿ ಬಾಗಿಲ ಹೊರಗೇ ಹಳೆಯ ಟೈರಿನ ಮೇಲೆ ಕೂತು ಗಣಿತದ ಪುಸ್ತಕ ತೆರೆದಳು. ಲೆಕ್ಕಗಳೆಲ್ಲ ನೀರಲ್ಲಿ ಬಿದ್ದಂತೆ ಕಲಸಿಹೋದವು.

“ಗುಬ್ಬೀ! ಅಲ್ಲೇನ್ ಮಾಡ್ತಿದ್ದೀಯೇ? ಬಾ ಒಳಗೆ!” ಅಪ್ಪ ಕೂಗಿದ.

“ಬರಲ್ಲ. ನನ್ನ ಆಟ ಜಾಸ್ತಿಯಾಗಿದೆ ಅಂದ್ಯಲ್ಲ.”

ಒಳಗೆ ಅತ್ತೆ ಕಿಸಕ್ಕನೆ ನಕ್ಕಳು.

“ಅಯ್ಯೋ ಪೆದ್ದಿ, ಗೇರಿನ ಆಟ ಕಣೇ!” ಅಪ್ಪ ಬಂದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ಮೇಜಿನ ಮೇಲೆ, ಕಾರಿನ ಹಿಂದಿನ ಚಕ್ರಗಳನ್ನು ತಿರುಗಿಸುವ ಗೇರ್‌ಗಳ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ತಟ್ಟೆಯಗಲದ ಗೇರ್ ಒಂದು, ಪುಟಾಣಿ ಒಂದು. ಅಪ್ಪ ಪುಟಾಣಿಯನ್ನು ಬಿಗಿಯಾಗಿ ಹಿಡಿದುಕೊಂಡು, “ದೊಡ್ಡದನ್ನ ಅಲ್ಲಾಡಿಸು,” ಅಂದ.

ಅಲ್ಲಾಡಿಸಿದಳು. ಆ ಕಡೆ, ಟಕ್. ಈ ಕಡೆ, ಟಕ್.

“ಅದೇ ಇದು!” ಗುಬ್ಬಿ ಕಣ್ಣರಳಿಸಿದಳು.

“ಹಲ್ಲುಗಳ ನಡುವೆ ಸಂದಿ ಇದೆ ನೋಡು, ಅದಕ್ಕೇ ನಾವು ಆಟ ಅನ್ನೋದು. ಸವೆದೂ ಸವೆದೂ ದೊಡ್ಡದಾಗಿದೆ.”

“ಹಾಗಾದ್ರೆ ಒಂಚೂರೂ ಬಿಡಬೇಡ. ಪೂರ್ತಿ ತೆಗೆ.”

“ಅತ್ತೆಗೆ ತಕ್ಕ ಸೊಸೆ! ಪೂರ್ತಿ ತೆಗೆದ್ರೆ ಹಲ್ಲಿಗೆ ಹಲ್ಲು ಕಚ್ಕೊಂಡು ಬಿಸಿಯಾಗುತ್ತೆ. ಟಕ್ ಹೋಗಿ, ದಾರಿಯುದ್ದಕ್ಕೂ ಗುಂಯ್ ಅಂತ ಅಳು ಶುರುವಾಗುತ್ತೆ. ಕೂದಲೆಳೆಯಷ್ಟಾದ್ರೂ ಆಟ ಇರಲೇಬೇಕು.”

“ಇರಲೇಬೇಕಾ?”

“ಇರಲೇಬೇಕು.” ಅಪ್ಪ ಗ್ರೀಸ್ ಬೆರಳಿಂದ ಅವಳ ಮೂಗಿಗೊಂದು ಚುಕ್ಕೆ ಇಟ್ಟ. “ಆದ್ರೆ ಚಕ್ರ ಬಿಚ್ಚಿಸೋವಷ್ಟಲ್ಲ!”

ಗುಬ್ಬಿ ನಕ್ಕುಬಿಟ್ಟಳು. ಈ ಸಲ ಅಪ್ಪನೂ ನಕ್ಕ.

ಗೇರಿನ ಹಿಂದೆ ಕೂರುವ, ಕಾಗದದಷ್ಟು ತೆಳ್ಳಗಿನ ಲೋಹದ ಬಳೆಗಳನ್ನು ಒಂದೊಂದಾಗಿ ಬದಲಿಸುತ್ತಾ ಅಪ್ಪ ಸಂದಿಯನ್ನು ಸರಿಮಾಡಿದ. ಶನಿವಾರ ಪೆಟ್ಟಿಗೆ ಮತ್ತೆ ಕಾರಿನ ಹೊಟ್ಟೆ ಸೇರಿತು.

ಗುಬ್ಬಿ ಅತ್ತೆಯ ಪಕ್ಕ ಕೂತು ಬೆಲ್ಟ್ ಬಿಗಿದು, ಕಣ್ಣು ಮುಚ್ಚಿದಳು. ಅತ್ತೆ ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಎಂಜಿನ್ ಗುಡುಗಿತು, ಗಾಳಿ ಭರ್ರೆಂದಿತು. ಗುಬ್ಬಿ ಅವುಗಳ ಅಡಿಯಲ್ಲೂ ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಅಳುವೂ ಇರಲಿಲ್ಲ.

ವಾಪಸ್ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಹುಬ್ಬೇರಿಸಿ, ಏನಾಯಿತು ಎಂಬಂತೆ ನೋಡಿದ. ಗುಬ್ಬಿ ಹತ್ತಿರ ಹೋಗಿ ಅವನ ಕಿವಿಗೆ ಬಾಯಿಟ್ಟು ಹೇಳಿದಳು. “ಹೋಯ್ತು ಅಪ್ಪ. ಪೂರ್ತಿ.”

“ಸರಿ ಹಾಗಾದ್ರೆ,” ಅಂದ ಅಪ್ಪ.

ನಿಜವಾ ಅಂತ ಕೇಳಲಿಲ್ಲ. ತಾನೊಂದು ಸುತ್ತು ಹೋಗಿ ನೋಡಲೂ ಇಲ್ಲ. ಸ್ಪ್ಯಾನರ್‌ಗಳನ್ನು ಒರೆಸಿ ಡಬ್ಬಿಗೆ ಹಾಕತೊಡಗಿದ. ಗುಬ್ಬಿ ಒಂದು ಬಟ್ಟೆ ತೆಗೆದುಕೊಂಡು, ಅವನ ಪಕ್ಕದಲ್ಲಿ ಕೂತು, ತಾನೂ ಒರೆಸಿದಳು.