ಹೊಗೆ ಕಾಯುವವಳು

"ಇವತ್ತು ಕುರಿ ಕತ್ತು, ಕೋಳಿ ಬೆನ್ನು. ಬೇರೇನೂ ಸಿಗ್ಲಿಲ್ಲ," ಎಂದ ಮಾಂಸದಂಗಡಿಯವನು, ಹಿತ್ತಲ ಗೇಟಿನ ಮೇಲಿಂದ ಚೀಲ ಚಾಚುತ್ತ.

"ನಾನೇನು ತೊಡೆ ಮಾಂಸ ಕೇಳಿದ್ನಾ?" ಎಂದು ಅವಳು ಚೀಲ ಹಿಡಿದಳು. ಅವನು ಬಿಡಲಿಲ್ಲ. ಅವನ ಕಣ್ಣು ಮೊದಲು ಅವಳ ಕೆನ್ನೆಯ ಮಸಿಗೆ, ಆಮೇಲೆ ಕಣ್ಣಿಗೆ, ಕೊನೆಗೆ ನಾಚಿಕೊಂಡು ಚೀಲಕ್ಕೇ ಬಂದು ನಿಂತಿತು.

"ಭಾನುವಾರ ಹೊರಡ್ತೀನಿ. ಬಂದರಿನ ಹತ್ರ ಹೊಸ ಅಂಗಡಿ ಹಿಡಿದಿದ್ದೀನಿ. ನೀವೂ ಬನ್ನಿ... ಅಂದ್ರೆ, ಮದುವೆ ಆಗಿ."

ಹೀಗೂ ಯಾರಾದರೂ ಕೇಳುತ್ತಾರೆಯೇ! ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಉರಿ ಬಿಟ್ಟು ಎಲ್ಲಿಗೆ ಬರ್ಲಿ?" ಎಂದು ಚೀಲ ಕಿತ್ತುಕೊಂಡು ಬೆನ್ನು ತಿರುಗಿಸಿದಳು.

ಹಿತ್ತಲಲ್ಲಿ ಅಡ್ಡ ಮಲಗಿಸಿದ ಹಳೇ ಎಣ್ಣೆ ಡ್ರಮ್ಮೇ ಆ ಮನೆಯ ಅನ್ನದಾತ. ಅಗ್ಗದ ತುಂಡುಗಳಿಗೆ ಉಪ್ಪು, ಮೆಣಸು, ಬೆಳ್ಳುಳ್ಳಿ ಸವರಿ ಬೆಳಗಿನಿಂದ ಸಂಜೆಯವರೆಗೆ ಅದರೊಳಗೆ ಸಣ್ಣ ಉರಿಯ ಹೊಗೆಯಲ್ಲಿಟ್ಟರೆ, ನಾರುನಾರಾದ ಕತ್ತಿನ ಮಾಂಸವೂ ಬೆರಳು ಸೋಕಿದರೆ ಮೂಳೆ ಬಿಟ್ಟು ಬರುತ್ತಿತ್ತು. ಕೋಳಿ ಬೆನ್ನು ಕೆಂಡದ ಜಾಲರಿಯ ಮೇಲೆ, ಚೂರುಪಾರೆಲ್ಲ ಆಲೂಗಡ್ಡೆಯ ಜೊತೆ ಟ್ರೇಯಲ್ಲಿ ಓವನ್ನಿಗೆ. ಬೀದಿಯ ಅರ್ಧ ಮನೆಗಳಿಗೆ ಸಂಜೆಯ ಊಟದ ಡಬ್ಬಿ ಹೋಗುತ್ತಿದ್ದದ್ದು ಇಲ್ಲಿಂದಲೇ.

ಆದರೆ ಹೊಗೆಯನ್ನು ಬಿಟ್ಟು ಕದಲುವಂತಿಲ್ಲ. ಡ್ರಮ್ಮಿನ ಮುಚ್ಚಳಕ್ಕೆ ಅವಳಲ್ಲದೆ ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಈ ಕಟ್ಟಳೆ ಅಣ್ಣನದು. ಬಂದ ಸಂಬಂಧಗಳನ್ನೆಲ್ಲ ಅವನು ಒಂದೇ ಮಾತಿನಲ್ಲಿ ವಾಪಸ್ ಕಳಿಸುತ್ತಿದ್ದ: "ಪುಟ್ಟಿ ಹೋದ್ರೆ ನಮ್ಮನೆ ಒಲೆ ಆರುತ್ತೆ." ಮೊದಮೊದಲು ಅವಳು ಅದನ್ನು ಕೇಳಿ ಹಿಗ್ಗಿದ್ದುಂಟು. ಈಗ ಕೇಳಿದರೆ ಉಸಿರು ಕಟ್ಟುತ್ತಿತ್ತು. ತಲೆಯಲ್ಲಿ ನರೆ ಇಣುಕಿದರೂ ಪುಟ್ಟಿ ಪುಟ್ಟಿಯೇ. ಬೀದಿಯನ್ನು ಅವಳು ಬಲ್ಲದ್ದು ಗೋಡೆಯಾಚೆಯ ಸದ್ದಿನಿಂದ ಮಾತ್ರ.

ಗೇಟಿನ ಮಾತು ಅತ್ತಿಗೆಯ ಕಿವಿಗೆ ಬಿದ್ದಿತ್ತು. ಅಣ್ಣ ಪೇಟೆಗೆ ಹೊರಟದ್ದೇ ತಡ, ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಬಂದಳು.

"ಹೋಗಿ ಆ ಅಂಗಡಿ ನೋಡ್ಕೊಂಡು ಬಾ. ಯಾರಾದ್ರೂ ಕೇಳಿದ್ರೆ ಹಲ್ಲುನೋವು, ಡಾಕ್ಟ್ರ ಹತ್ರ ಹೋಗಿದ್ದಾಳೆ ಅಂತೀನಿ."

"ಮತ್ತೆ ಉರಿ?"

"ಇಷ್ಟು ವರ್ಷ ನಿನ್ನ ಪಕ್ಕ ಪಾತ್ರೆ ತೊಳೀವಾಗ ನಾನೇನು ಕಣ್ಣು ಮುಚ್ಕೊಂಡಿದ್ನಾ?"

ಅವಳು ಮಾಂಸದಂಗಡಿಯವನ ಜೊತೆ ಬಸ್ಸು ಹತ್ತಿದಳು. ಭುಜಕ್ಕೆ ಭುಜ ತಾಗಿದಾಗಲೆಲ್ಲ ಇಬ್ಬರೂ ಕಿಟಕಿಯಾಚೆ ನೋಡಿದರು. ಅಂಗಡಿ ಚೆನ್ನಾಗಿತ್ತು; ಬಿಳಿ ಟೈಲ್ಸ್, ಮುಂದೆ ರಸ್ತೆ, ರಸ್ತೆಯಾಚೆ ಸಮುದ್ರ. "ಈಗ ಕಣ್ಣು ಮುಚ್ಚಿ," ಎಂದು ಅವನು ಅವಳನ್ನು ಹಿಂದಕ್ಕೆ ಕರೆದೊಯ್ದ. ಕಣ್ಣು ಬಿಟ್ಟರೆ ನಾಲ್ಕೂ ಕಡೆ ಎತ್ತರದ ಗೋಡೆ, ನಡುವೆ ಹೊಚ್ಚಹೊಸ ಡ್ರಮ್ಮು!

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಇಲ್ಲೂ ಇದರ ಮುಂದೇನಾ ನಾನು?"

"ನಿಮಗೆ ಇಷ್ಟ ಅಂದ್ಕೊಂಡೆ..."

"ನನಗೇನಿಷ್ಟ ಅಂತ ಅಣ್ಣ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ."

ಅವನ ಮುಖ ಸಪ್ಪಗಾಯಿತು. ವಾಪಸ್ ಬರುವಾಗ ಅವನು ಬೇರೆ ಸೀಟಿನಲ್ಲಿ ಕೂತ. ಒಂದು ಹಿತ್ತಲಿನಿಂದ ಇನ್ನೊಂದು ಹಿತ್ತಲಿಗೆ, ಇಷ್ಟೇ ತನ್ನ ಹಣೆಬರಹ ಎಂದುಕೊಂಡು ಅವಳು ದಾರಿಯುದ್ದಕ್ಕೂ ಮೂಗು ಒರೆಸಿಕೊಂಡಳು.

ರಾತ್ರಿ ಊಟಕ್ಕೆ ಕೂತ ಅಣ್ಣ ಮೊದಲ ತುತ್ತಿಗೇ ತಲೆದೂಗಿದ. "ನೋಡು ಪುಟ್ಟಿ, ಇದಕ್ಕೇ ನಿನ್ನ ಕಳ್ಸಲ್ಲ ಅನ್ನೋದು. ಈ ಕೈರುಚಿ ಇನ್ಯಾರಿಗಿದೆ?"

ಅವಳೂ ಬಾಯಿಗಿಟ್ಟಳು. ಹದ ಸರಿಯಾಗಿತ್ತು. ಸರಿಯೇನು, ತನ್ನದಕ್ಕಿಂತ ಒಂದು ಕೈ ಮೇಲೇ ಇತ್ತು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ತಾನಿಲ್ಲದೆ ಆಗದು ಎಂಬ ಮಾತನ್ನು ಅಣ್ಣನಿಗಿಂತ ಹೆಚ್ಚಾಗಿ ತಾನೇ ನಂಬಿದ್ದಳು. ಅತ್ತಿಗೆ ತಲೆ ತಗ್ಗಿಸಿ ಲೋಟಕ್ಕೆ ನೀರು ಹಾಕುತ್ತಿದ್ದಳು. ಅರ್ಧ ಹೊರಗೆ ಚೆಲ್ಲಿತು. ಸುಮ್ಮನಿದ್ದರೆ ಹೊಗಳಿಕೆ ತನ್ನದೇ, ಹಿತ್ತಲೂ ತನ್ನದೇ.

"ಇದು ನಾನು ಮಾಡಿದ್ದಲ್ಲ ಅಣ್ಣ, ಅತ್ತಿಗೆ ಮಾಡಿದ್ದು. ನಾನು ಇವತ್ತು ಗಂಡು ನೋಡೋಕೆ ಹೋಗಿದ್ದೆ."

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ನೀನಾ ಮಾಡಿದ್ದು?" ಎಂದು ಹೆಂಡತಿಯತ್ತ ತಿರುಗಿದ.

"ನಾನೇ. ಹಾಗಂತ ದಿನಾ ನನ್ನನ್ನೇ ಅಲ್ಲಿ ಕೂರ್ಸೋ ಯೋಚನೆ ಬೇಡ. ದಿನ ಬಿಟ್ಟು ದಿನ ನೀವೂ ಉರಿ ಕಾಯ್ಬೇಕು."

ಅಣ್ಣನ ಮುಖ ಗಂಟಾಯಿತು. ಕೂಗಾಡುತ್ತಾನೆಂದು ಇಬ್ಬರೂ ಕಾದರು. ಅವನು ಇನ್ನೊಂದು ತುತ್ತು ಬಾಯಿಗಿಟ್ಟು, ಅಗಿದು ನುಂಗಿ, "ಯಾರು ಆ ಗಂಡು?" ಎಂದಷ್ಟೇ ಕೇಳಿದ.

ಬೆಳಿಗ್ಗೆ ಮಾಂಸದಂಗಡಿಯವನು ಬರಿಗೈಯಲ್ಲಿ ಬಂದ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು.

"ಡ್ರಮ್ ವಾಪಸ್ ಕೊಟ್ಬಿಡ್ತೀನಿ. ತಪ್ಪಾಯ್ತು. ನಿಮಗೇನಿಷ್ಟ, ಹೇಳಿ."

"ಅಯ್ಯೋ, ಅದನ್ಯಾಕೆ ಕೊಡ್ತೀರಿ? ನೀವು ಉರಿ ಕಾಯ್ತಿದ್ರೆ ನಾನು ಸಮುದ್ರದ ಹತ್ರ ಸುತ್ತಾಡ್ಕೊಂಡು ಬಂದು, ಆರಾಮಾಗಿ ಕೂತು ತಿನ್ನೋಣ ಅಂತಿದ್ದೆ."

"ನಾನಾ? ನನಗೆ ಕಡಿಯೋದಷ್ಟೇ ಬರೋದು. ಎಲ್ಲಾ ಸೀದು ಹೋಗುತ್ತೆ!"

ಅವಳು ಗೇಟಿನ ಚಿಲಕ ತೆಗೆದಳು.

"ಸೀದಿದ್ದೇ ತಿಂತೀನಿ," ಎಂದಳು. "ಅಷ್ಟು ಪ್ರೀತಿ ಇದೆ ನನಗೆ, ನಿಮ್ಮ ಮೇಲೆ."