ರಸಮಟ್ಟ ಹಿಡಿದು ಬಂದವನು

ಗುರುವಾರ ಸಂಜೆ ಐದೂವರೆಗೆ ನಾನು ಶೆಡ್ಡಿನ ದೀಪ ಹಾಕಿದೆ. ಮೇಜಿನ ಮೇಲೆ ನನ್ನ ಮೂವತ್ತೆಂಟು ಪುಟ್ಟ ಮರಗಳು ಪೆರೇಡಿಗೆ ನಿಂತ ಪೊಲೀಸರ ಹಾಗೆ ನೆಟ್ಟಗೆ ನಿಂತಿದ್ದವು.

ನಾನು ಕಿರುಚಲಿಲ್ಲ. ಕಿರುಚುವುದಕ್ಕೆ ಉಸಿರು ಬೇಕು.

ಮೇಜಿನ ಆ ಬದಿಯಲ್ಲಿ ಕ್ವಿರಿನ್ ನಿಂತಿದ್ದ. ಕೈಯಲ್ಲಿ ಬೆರಳುದ್ದದ ರಸಮಟ್ಟ, ಗುಳ್ಳೆ ನಡುವೆ ನಿಂತರೆ ನೆಟ್ಟಗಿದೆ ಅಂತ ಹೇಳುವ ಆ ಕೊಳವೆ; ಮೂಗಿನ ತುದಿಯಲ್ಲಿ ಹಸಿರು ಪುಡಿ. ಉಡುಗೊರೆ ಕೊಟ್ಟವರು ಅದನ್ನು ಬಿಚ್ಚುವವರ ಮುಖವನ್ನು ನೋಡುತ್ತಾರಲ್ಲ, ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದ.

"ಸರ್‌ಪ್ರೈಸ್!" ಅಂದ.

"ಯಾರು ಮಾಡಿದ್ದು ಇದು?"

"ನಾನೇ. ಒಬ್ಬನೇ. ರಜಾ ಹಾಕಿ ಬಂದೆ, ಆರು ಗಂಟೆ ಹಿಡೀತು. ಮಂಗಳವಾರ ನೀನೇ ಹೇಳಿದ್ಯಲ್ಲ, ವ್ಯಾನಲ್ಲಿ ತರುವಾಗ ದೀಪದ ಕಂಬ ಎಲ್ಲಾ ವಾಲಿಬಿಟ್ಟಿವೆ, ಯಾರಾದ್ರೂ ಸರಿಮಾಡಿದ್ರೆ ಸಾಕಪ್ಪಾ ಅಂತ. ಆರೂ ಕಂಬ ನೆಟ್ಟಗೆ ಮಾಡಿ ನೋಡ್ತೀನಿ, ಮರಗಳೂ ವಾಲಿವೆ! ಎಲ್ಲಾ ಒಂದೇ ಕಡೆಗೆ! ವ್ಯಾನು ಎಲ್ಲಿ ಬ್ರೇಕ್ ಹಾಕ್ತೋ ಪಾಪ ಅಂದ್ಕೊಂಡೆ. ಒಂದು ಬದಿಯ ಎಲೆ ಪೂರ್ತಿ ಉದುರಿಹೋಗಿತ್ತು. ಅದನ್ನೂ ಅಂಟಿಸಿದೆ."

"ಎಲೆಯನ್ನೂ ಅಂಟಿಸಿದೆ."

"ನಿನ್ನ ಡಬ್ಬಿಯ ಹಸಿರೇ! ಗೊತ್ತೇ ಆಗಲ್ಲ ನೋಡು."

ಗೊತ್ತೇ ಆಗುವುದಿಲ್ಲವಂತೆ.

ಓಲ್‌ಡೀಕ್ ನಮ್ಮೂರು. ಒಂದು ಕಡೆ ಉತ್ತರ ಸಮುದ್ರ, ಅದಕ್ಕೆ ಅಡ್ಡ ಹಾಕಿದ ಒಡ್ಡು, ಒಡ್ಡಿನ ಈಚೆ ಕುರಿ ಮತ್ತು ನಾವು. ಗಾಳಿ ಪಡುವಣದಿಂದ ಬೀಸಲು ಶುರುಮಾಡಿದ್ದು ಯಾವಾಗ ಅಂತ ಯಾರಿಗೂ ನೆನಪಿಲ್ಲ, ನಿಲ್ಲಿಸಿದ್ದನ್ನಂತೂ ಯಾರೂ ಕಂಡಿಲ್ಲ. ಸ್ಟೇಷನ್ನಿಗೆ ಹೋಗುವ ರಸ್ತೆಯ ಪಕ್ಕ ಮೂವತ್ತೆಂಟು ಮುಳ್ಳುಮರಗಳಿದ್ದವು. ಗಾಳಿಗೆ ಬೆನ್ನು ಕೊಟ್ಟು, ಪೂರ್ವಕ್ಕೆ ಬಾಗಿ, ಕೊನೆಯ ಬಸ್ಸಿಗೆ ಓಡುವವರ ಹಾಗೆ. ಸ್ಟೇಷನ್ನನ್ನು ಎಂದೋ ಕೆಡವಿದರು. ರಸ್ತೆ ಅಗಲ ಮಾಡುತ್ತೇವೆಂದು ಈ ಫೆಬ್ರವರಿಯಲ್ಲಿ ಮರಗಳನ್ನೂ ಕಡಿದರು.

ಆಗ ನಮ್ಮ ಪುಟ್ಟ ರೈಲಿನ ಕ್ಲಬ್ಬಿನವರು ಆ ಸ್ಟೇಷನ್ನನ್ನೂ ರಸ್ತೆಯನ್ನೂ ಎಂಟು ಮೀಟರ್ ಉದ್ದದ ಮೇಜಿನ ಮೇಲೆ ಮತ್ತೆ ಕಟ್ಟಲು ಹೊರಟೆವು. ಮರಗಳು ನನ್ನ ಪಾಲಿಗೆ ಬಂದವು. ಒಂದೊಂದು ಮರಕ್ಕೂ ಒಂದೊಂದು ಫೋಟೊ. ಹಳೆಯ ವೈರಿನ ತಾಮ್ರದ ಎಳೆಗಳನ್ನು ಹೊಸೆದು ಕಾಂಡ, ಎಳೆ ಬಿಡಿಸಿ ಕೊಂಬೆ, ಅಂಟಿಗೆ ನುಣ್ಣನೆಯ ಮರಳು ಕಲಸಿ ತೊಗಟೆ, ಸ್ಪಂಜಿನ ಪುಡಿಯಿಂದ ಎಲೆ. ಬೆರಳಿಗಿಂತ ಎತ್ತರ ಯಾವುದೂ ಇಲ್ಲ. ಐದು ತಿಂಗಳು ಹಿಡಿಯಿತು. ಭಾನುವಾರ ಪ್ರದರ್ಶನ. ನಲವತ್ತು ವರ್ಷ ಆ ರಸ್ತೆಯಲ್ಲೇ ನಡೆದು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ತಾಲ್ಕೆ ಅಜ್ಜಿ ಬರುತ್ತೇನೆ ಅಂದಿದ್ದಳು, ರಸ್ತೆಯನ್ನು ಇನ್ನೊಂದು ಸಲ ನೋಡಲಿಕ್ಕೆ.

ಇವನೋ ದೇಶದ ಆ ತುದಿಯ ಬವೇರಿಯಾದ ಬೆಟ್ಟದವನು. ಅಲ್ಲಿ ಮರಗಳು ಪೆನ್ಸಿಲ್‌ಗಳ ಹಾಗಂತೆ. ಮಾರ್ಚಿನಲ್ಲಿ ರೈಲ್ವೆ ಕೆಲಸಕ್ಕೆ ಇಲ್ಲಿಗೆ ಬಂದ, ಗುರುವಾರಗಳಂದು ನಮ್ಮ ಕ್ಲಬ್ಬಿಗೂ ಬರತೊಡಗಿದ. ಹಳಿಯ ಓರೆಕೋರೆ ಹಿಡಿಯುವುದೇ ಅವನ ಕೆಲಸ. ಈ ಅಕ್ಟೋಬರ್ ಕೊನೆಗೆ ಅದೂ ಮುಗಿಯುತ್ತದೆ.

"ನೀನು ಏನು ಮಾಡಿದೀಯ ಗೊತ್ತಾ?" ಅಂದೆ.

"ಇಷ್ಟ ಆಗ್ಲಿಲ್ವಾ?"

"'ಇಷ್ಟ ಆಗ್ಲಿಲ್ವಾಆಆ?'" ಅವನ ಎಳೆದೆಳೆದು ಆಡುವ ಮಾತನ್ನು ಅವನ ಮುಖಕ್ಕೇ ಆಡಿ ತೋರಿಸಿದೆ. "'ವ್ಯಾಆಆನು ಎಲ್ಲಿ ಬ್ರೇಕ್ ಹಾಕ್ತೋ ಪಾಆಆಪ!' ಅವು ವಾಲಿದ್ದಲ್ಲ ಮಹಾನುಭಾವ, ನಾನೇ ವಾಲಿಸಿದ್ದು! ಆ ಬದಿ ಬೋಳಾದದ್ದಲ್ಲ, ನಾನೇ ಬೋಳು ಮಾಡಿದ್ದು!"

"ಮರವನ್ನ ಯಾರಾದ್ರೂ ಬೇಕೂಂತ ಸೊಟ್ಟಗೆ ಮಾಡ್ತಾರಾ? ನೆಟ್ಟ ಮೇಲೆ ನೆಟ್ಟಗಿರ್ಬೇಕಲ್ವಾ?"

ಬೇರೆ ದಿನವಾಗಿದ್ದರೆ ಆ ಮಾತಿಗೆ ನಕ್ಕಿರುತ್ತಿದ್ದೆ. ಅಂದು ಇಕ್ಕಳ ಎಲ್ಲಿದೆ ಅಂತ ಹುಡುಕಿದೆ, ಅವನ ಮೂಗಿಗೆ.

ಅಷ್ಟರಲ್ಲಿ ನಮ್ಮ ಅಧ್ಯಕ್ಷ ಹಿನ್ನರ್ಕ್ ಬಂದ. ದಿನಕ್ಕೆ ಮೂರು ಮಾತಾಡುವ ಮುದುಕ. ಅದರಲ್ಲಿ ಎರಡು "ಮೊಯಿನ್," ನಮ್ಮ ಕಡೆಯ ನಮಸ್ಕಾರ. ಬೆಳಿಗ್ಗೆ ಸಿಕ್ಕರೂ ಮೊಯಿನ್, ಸಂಜೆ ಸಿಕ್ಕರೂ ಮೊಯಿನ್.

"ಮೊಯಿನ್," ಅಂದ. ಕನ್ನಡಕ ಹಾಕಿಕೊಂಡು ಮೇಜಿನ ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ನಡೆದ. ಕನ್ನಡಕ ತೆಗೆದ.

"ಇದು ಯಾವೂರು?" ಅಂತ ಕೇಳಿದ.

ಕ್ವಿರಿನ್ನನ ಮುಖದ ಹೊಳಪು ಆರಿದ್ದು ಆಗ. ಅದನ್ನು ನೋಡಿ ನನಗೆ ಪಾಪ ಅನಿಸಿತು. ಹಾಗೆ ಅನಿಸಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

ಶುಕ್ರವಾರ ಬೆಳಿಗ್ಗೆ ಅವನ ಬಾಗಿಲು ಬಡಿದೆ. "ಸೈಕಲ್ ತಗೊ. ಮಾತಾಡ್ಬೇಡ. ನಡಿ."

ಒಡ್ಡಿನ ಮೂಲೆಯಲ್ಲಿ, ರಸ್ತೆಯವರ ಕಣ್ಣಿಗೆ ಬೀಳದೆ ಉಳಿದ ಒಂದೇ ಒಂದು ಮುಳ್ಳುಮರವಿದೆ. ಗಾಳಿಗೆ ಎದುರಾಗಿ ಮೂರು ಕಿಲೋಮೀಟರ್. ನಾನು ತುಳಿದೆ. ಹಿಂದೆ ಬೆಟ್ಟದ ಹುಲಿ ಏದುಸಿರು ಬಿಡುತ್ತಿತ್ತು.

"ವೀಬ್ಕೆ, ಸ್ವಲ್ಪ ನಿಧಾನ..."

"ಮಾತಾಡ್ಬೇಡ ಅಂದೆ!"

ಮರದ ಹತ್ತಿರ ಇಳಿದೆವು. ಅವನ ಜೇಬಿಗೆ ಕೈಹಾಕಿ ರಸಮಟ್ಟ ತೆಗೆದು ಕಾಂಡಕ್ಕೆ ಒತ್ತಿ ಹಿಡಿದೆ. ಗುಳ್ಳೆ ಒಂದು ತುದಿಗೆ ಓಡಿಹೋಗಿ ಅಲ್ಲೇ ಅಂಟಿಕೊಂಡಿತು.

"ಇದನ್ನೂ ಸರಿಮಾಡು! ಇದಕ್ಕೆಷ್ಟು ಗಂಟೆ ಬೇಕು?"

ಅವನು ಮರದ ಪಡುವಣ ಬದಿಗೆ ಹೋಗಿ ಬೋಳು ಕೊಂಬೆಗಳ ಮೇಲೆ ಕೈಯಾಡಿಸಿದ.

"ಇಲ್ಲಿ ಎಲೇನೇ ಬರಲ್ವಾ?"

"ಬರೋ ಮೊಗ್ಗನ್ನೆಲ್ಲ ಉಪ್ಪುಗಾಳಿ ಸುಡುತ್ತೆ."

"ಇಷ್ಟು ಬಾಗಿದೆ. ಬೀಳಲ್ವಾ?"

"ಬಾಗಿದ್ದಕ್ಕೇ ಬಿದ್ದಿಲ್ಲ. ಏಳು ತಿಂಗಳು ಈ ಊರಲ್ಲಿದ್ದು ಒಂದೇ ಒಂದು ಮರಾನೂ ನೋಡಿಲ್ವಾ ನೀನು?"

"ಕೆಲಸದಲ್ಲಿ ತಲೆ ತಗ್ಗಿಸಿ ಹಳಿ ನೋಡ್ತೀನಿ. ಗುರುವಾರ ಕ್ಲಬ್ಬಲ್ಲಿ ತಲೆ ಎತ್ತಿ..."

"ಎತ್ತಿ?"

"ನಿನ್ನ ನೋಡ್ತೀನಿ." ಗಾಳಿ ಅವನ ಕೂದಲನ್ನು ಕಣ್ಣಿಗೆ ತಂದು ಹಾಕಿತ್ತು, ಅದರ ಸಂದಿಯಿಂದಲೇ ನೋಡಿದ. "ನೀನು ತಂತಿ ಹೊಸೆಯುವಾಗ ನಾಲಗೆ ತುದಿ ಹೊರಗೆ ಬರುತ್ತೆ. ಯಾರನ್ನಾದರೂ ಅಣಕಿಸೋ ಮುಂಚೆ ಎಡ ಹುಬ್ಬು ಏರುತ್ತೆ. ಮಧ್ಯೆ ಮರ ನೋಡೋಕೆ ಟೈಮೇ ಸಿಗಲಿಲ್ಲ."

ಅಲ್ಲಿ ನಾನು ಕರಗಬೇಕಿತ್ತು. ನನಗೆ ಬಂದದ್ದು ಇನ್ನೊಂದು ಬಗೆಯ ಸಿಟ್ಟು.

"ಏಳು ತಿಂಗಳು!" ಅಂದೆ. "ಏಳು ತಿಂಗಳು ಸುಮ್ಮನಿದ್ದು, ಹೊರಡೋಕೆ ಹತ್ತು ದಿನ ಇರುವಾಗ ಹೇಳ್ತೀಯಾ? ಪ್ರತಿ ಗುರುವಾರ ನಿನಗೂ ಸೇರಿಸಿ ಸಿಗಡಿ ಬ್ರೆಡ್ ತಂದಿಟ್ಟೆ..."

"ನನಗೆ ಸಿಗಡಿ ಸೇರಲ್ಲ."

"ಮತ್ತೆ ತಿಂದೆ?"

"ನೀನು ತಂದಿದ್ದಲ್ವಾ."

ಎಡ ಹುಬ್ಬು ಏರಿದ್ದು ನನಗೇ ಗೊತ್ತಾಯಿತು. ಕಷ್ಟಪಟ್ಟು ಇಳಿಸಿದೆ.

"ಮೊದಲು ಮರ ಸರಿಮಾಡು," ಅಂದೆ. "ಸರಿ ಅಂದ್ರೆ ಸೊಟ್ಟಗೆ."

ಶುಕ್ರವಾರ ಮಧ್ಯಾಹ್ನ ಶುರುಮಾಡಿದೆವು. ಅವನ ಪಕ್ಕದಲ್ಲಿ ಫೋಟೊಗಳ ಕಟ್ಟು. ತಾನೇ ಅಂಟಿಸಿದ ಎಲೆಯನ್ನು ಚಿಮಟದಿಂದ ಒಂದೊಂದು ಚೂರಾಗಿ ತಾನೇ ಕಿತ್ತ. ಕಾಂಡ ಬಗ್ಗಿಸುವುದು ನಾನು. ಮೊದಲ ಮರದ ತೊಗಟೆ ಟಪ್ ಅಂತ ಬಿರಿಯಿತು. ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿನದೇ. ಅವನು ಬಿರುಕಿಗೆ ಭೂತಗನ್ನಡಿ ಹಿಡಿದ.

"ಒಡ್ಡಿನ ಮರದಲ್ಲೂ ಹೀಗೇ ಇದೆ," ಅಂದ. "ಬಾಗಿದ ಬದಿಯಲ್ಲಿ ಉದ್ದಕ್ಕೆ. ನಿನ್ನ ಮರದಲ್ಲಿ ಮೊದಲು ಇರಲಿಲ್ಲ."

ಕಿತ್ತುಕೊಂಡು ನೋಡಿದೆ. ಹೌದು. ಐದು ತಿಂಗಳು ಫೋಟೊ ನೋಡಿದ ನನಗೆ ಕಾಣದ್ದು, ಒಂದು ಬೆಳಿಗ್ಗೆ ಮರ ಮುಟ್ಟಿದವನಿಗೆ ಕಂಡಿತ್ತು. ಸಿಟ್ಟು ಬರುವುದಕ್ಕೆ ಇಷ್ಟು ಸಾಲದೇ?

"ನೀನು ಹೊಗಳಿದ್ರೆ ಬೇಡ ಅನ್ನಲ್ಲ," ಅಂದ.

"ಕೆಲಸ ಮಾಡು."

ಶನಿವಾರ ಸಂಜೆ ನಾಲ್ಕಕ್ಕೆ ಮೂವತ್ತೇಳು ಮರಗಳು ಬಾಗಿದ್ದವು. ಕೊನೆಯದು ಪ್ಲಾಟ್‌ಫಾರಂ ಪಕ್ಕದ್ದು. ಅವನು ಚಿಮಟ ತೆಗೆದುಕೊಂಡ. ನಾನು ಅವನ ಕೈ ಹಿಡಿದೆ.

"ಅದನ್ನ ಬಿಡು."

"ಅದಿನ್ನೂ ನೆಟ್ಟಗಿದೆ."

"ಗೊತ್ತು. ನೋಡಿದಾಗೆಲ್ಲ ಸಿಟ್ಟು ಬರೋಕೆ ನನಗೊಂದು ಬೇಕು."

ಹಿಡಿದ ಕೈಯನ್ನು ಬಿಡುವುದು ಮರೆತೇ ಹೋಯಿತು. ಅವನೂ ನೆನಪಿಸಲಿಲ್ಲ. ಅವನ ಉಗುರುಗಳ ಸಂದಿಯಲ್ಲೆಲ್ಲ ನನ್ನ ಹಸಿರು.

ಭಾನುವಾರ ಶೆಡ್ ತುಂಬಿತ್ತು. ಪ್ಲಮ್ ಕೇಕ್, ಕಲ್ಲುಸಕ್ಕರೆಯ ಚಹಾ, ಇಪ್ಪತ್ತು ನಿಮಿಷಕ್ಕೊಂದು ಸಲ ಓಡುವ ಪುಟ್ಟ ರೈಲು. ತಾಲ್ಕೆ ಅಜ್ಜಿ ಕೋಲೂರಿಕೊಂಡು ಬಂದಳು. ರೈಲಿನ ಕಡೆ ನೋಡಲೇ ಇಲ್ಲ. ರಸ್ತೆಯ ತುದಿಯಲ್ಲಿ ಬಗ್ಗಿ ಒಂದೊಂದೇ ಮರ ದಾಟುತ್ತ ಹೊರಟಳು.

"ಇದರ ಕೆಳಗೆ ಸೈಕಲ್ ಇಡ್ತಿದ್ದೆ," ಅಂದಳು. ಇನ್ನೊಂದರ ಹತ್ತಿರ, "ಈ ದರಿದ್ರದ್ದು ಪ್ರತಿ ವರ್ಷ ನನ್ನ ಸ್ಕಾರ್ಫ್ ಕಿತ್ಕೊಳ್ತಿತ್ತು."

ಆಮೇಲೆ ಅವಳು ಪ್ಲಾಟ್‌ಫಾರಂ ಹತ್ತಿರ ನಿಂತಳು. ಕೋಲು ಎತ್ತಿ ತೋರಿಸಿದಳು.

"ಇದು ಯಾಕಮ್ಮಾ ನೆಟ್ಟಗಿದೆ? ಇದು ನಮ್ಮದಲ್ಲ."

ಸುತ್ತಲಿನವರೆಲ್ಲ ತಿರುಗಿದರು. ಮೇಜಿನ ಆಚೆ ಕ್ವಿರಿನ್ ರೈಲು ನಿಲ್ಲಿಸಿದ.

"ಹೌದು ಅಜ್ಜಿ, ನಮ್ಮದಲ್ಲ," ಅಂದೆ. "ಬೆಟ್ಟದ ಕಡೆಯದು. ಮಾರ್ಚಿನಲ್ಲಿ ಬಂತು."

"ಈ ಗಾಳೀಲಿ ಬದುಕುತ್ತಾ?"

"ಗೊತ್ತಿಲ್ಲ. ಇರ್ತೀನಿ ಅಂತ ಇನ್ನೂ ಬಾಯಿ ಬಿಟ್ಟಿಲ್ಲ, ಅದಕ್ಕೆ ಬಾಯಿ ಇದೆಯೋ ಇಲ್ವೋ."

"ಇರುತ್ತೆ!" ಅಂದ ಕ್ವಿರಿನ್. ಎಷ್ಟು ಜೋರಾಗಿ ಅಂದರೆ ಕೇಕ್ ಹತ್ತಿರ ನಿಂತವರೂ ತಿರುಗಿದರು. ಅವನ ಕಿವಿ ಕೆಂಪಾಯಿತು. "ಅಂದ್ರೆ... ಇಲ್ಲೇ ಕೆಲಸ ಮುಂದುವರಿಸ್ತೀನಿ ಅಂತ ನಿನ್ನೆ ಆಫೀಸಿಗೆ ಬರೆದು ಹಾಕಿದೀನಿ. ಯಾರಾದ್ರೂ ಬೇಡ ಅಂದ್ರೆ ಈಗಲೇ ಹೇಳ್ಬೇಕು."

"ನಿನ್ನೆ!" ನನಗೆ ಮತ್ತೆ ಉರಿಯಿತು. "ನಿನ್ನೆ ಬರೆದವನು ಇವತ್ತು ಮಧ್ಯಾಹ್ನದವರೆಗೆ ಹೇಳಲಿಲ್ವಾ?"

"ಮಾತಾಡ್ಬೇಡ ಕೆಲಸ ಮಾಡು ಅಂದೆಯಲ್ಲ!"

ತಾಲ್ಕೆ ಅಜ್ಜಿ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು, ಒಮ್ಮೆ ಮರವನ್ನು ನೋಡಿದಳು. ಪಕ್ಕದಲ್ಲಿದ್ದ ಹಿನ್ನರ್ಕ್ ಗಂಟಲು ಸರಿಮಾಡಿಕೊಂಡ. ಅವನ ಬಾಯಿಂದ ಅಷ್ಟು ಉದ್ದದ ಮಾತನ್ನು ನಾವ್ಯಾರೂ ಕೇಳಿರಲಿಲ್ಲ.

"ಎರಡು ಚಳಿಗಾಲ ಕಳೀಲಿ. ತಾನಾಗೇ ಬಾಗುತ್ತೆ."

"ಬೇಡ ಅಂತೀಯಾ?" ಕ್ವಿರಿನ್ ಮೆಲ್ಲಗೆ ನನ್ನನ್ನು ಕೇಳಿದ.

"ನಿನ್ನ ಮೇಲೆ ಇನ್ನೂ ಸಿಟ್ಟಿದೆ ನನಗೆ," ಅಂದೆ. "ತುಂಬಾ ಇದೆ. ಒಂದೆರಡು ಚಳಿಗಾಲಕ್ಕೆ ಮುಗಿಯೋ ಸಿಟ್ಟಲ್ಲ ಇದು."

ಗದ್ದಲದಲ್ಲಿ ಅವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ. ಎರಡೂ ಕೈಯನ್ನು ಮೇಜಿನ ಅಂಚಿಗೆ ಊರಿ, ಸ್ಟೇಷನ್ನಿನ ಮೇಲೆ, ರಸ್ತೆಯ ಮೇಲೆ, ಮೂವತ್ತೆಂಟು ಮರಗಳ ಮೇಲೆ ಪೂರ್ತಿ ಬಾಗಿ ನನ್ನ ಮುಖದ ಹತ್ತಿರಕ್ಕೆ ಬಂದ.

ಶೆಡ್ಡಿನ ಒಳಗೆ ಬಾಗಿಸುವಂಥ ಗಾಳಿಯೇ ಇರಲಿಲ್ಲ.