ಎಂಟೂವರೆಯ ಗೆರೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಶಿಶುಕೇಂದ್ರದ ಟೀಚರ್ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಬಿತ್ತೋ ಅವಳಿಗೇ ಗೊತ್ತಿರಲಿಲ್ಲ. ಕೇಂದ್ರದಿಂದ ಒಂದು ಮಗು ಕಾಣೆಯಾಗಿದೆ ಎಂದಳು. ಒಂದೂಮುಕ್ಕಾಲು ವರ್ಷದ ಹೆಣ್ಣು ಮಗು, ಎಲ್ಲರೂ ಗುಬ್ಬಿ ಅನ್ನುತ್ತಾರೆ, ಹಳದಿ ಅಂಗಿ.

ಹೆಡ್ ಕಾನ್‌ಸ್ಟೇಬಲ್ ದೂರು ಬರೆದುಕೊಂಡ. ಈತನಿಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು. ಯಾರು ಕೆಮ್ಮಿದರೂ ಎಷ್ಟು ಗಂಟೆಗೆ ಎಂದು ಬರೆದಿಡುವ ಮನುಷ್ಯ. ಟೀಚರ್ ಹೇಳಿದ ಕೊನೆಯ ಮಾತು ಕೇಳಿ ಇನ್ಸ್‌ಪೆಕ್ಟರ್ ಕುರ್ಚಿಯಿಂದ ಎದ್ದ. ಮಗುವಿಗೆ ಫಿಟ್ಸ್ ಇದೆ, ಮಧ್ಯಾಹ್ನ ಎರಡಕ್ಕೆ ಸಿರಪ್ ಹಾಕಲೇಬೇಕು, ತಪ್ಪಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರಂತೆ.

11.25ಕ್ಕೆ ಎಫ್‌ಐಆರ್ ಆಯಿತು. 11.40ಕ್ಕೆ ಜೀಪು ಕೇಂದ್ರದ ಮುಂದೆ ನಿಂತಿತು.

ಒಂದು ಹಾಲ್, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಟೀಚರ್ ಕೋಣೆ. ಅಂದು ತಿಂಗಳ ತೂಕದ ದಿನ. ಹಾಲ್‌ನ ತೊಲೆಗೆ ತಕ್ಕಡಿ ನೇತುಬಿದ್ದಿತ್ತು. ಅದರ ಮುಖದ ಮೇಲೆ ಎಂಟೂವರೆ ಕೆಜಿಗೆ ಸರಿಯಾಗಿ ಒಂದು ಕೆಂಪು ಗೆರೆ. ಗುಬ್ಬಿಯ ವಯಸ್ಸಿನವರಿಗೆ ಅದೇ ಗಡಿ. ಗೆರೆಯ ಕೆಳಗಿದ್ದ ಮಕ್ಕಳ ಹೆಸರು ಪಟ್ಟಿಯಲ್ಲಿರುತ್ತದೆ, ಪೌಷ್ಟಿಕ ಪುಡಿ ಸಿಗುತ್ತದೆ, ಕಾಯಿಲೆ ಇದ್ದರೆ ಔಷಧಿಯೂ ಕೇಂದ್ರಕ್ಕೇ ಬರುತ್ತದೆ. ಗೆರೆ ದಾಟಿದರೆ ಹೆಸರು ಹೊಡೆದು ಹಾಕುತ್ತಾರೆ. ತೂಕ ನೋಡಲು ಮೇಲಿನ ಕಚೇರಿಯಿಂದ ಒಬ್ಬರು ಮೇಡಂ ಬಂದಿದ್ದರು. ಅರ್ಧ ಮಕ್ಕಳ ತೂಕ ಆಗಿತ್ತು. ಹತ್ತೂ ಐವತ್ತಕ್ಕೆ ಗುಬ್ಬಿಯ ಹೆಸರು ಕೂಗಿದಾಗ ಮಗು ಇರಲಿಲ್ಲ.

ಮುಂಬಾಗಿಲಲ್ಲಿ ಮೇಡಂ ಕೂತಿದ್ದರು, ಆ ಕಡೆಯಿಂದ ಯಾರೂ ಹೋಗಿಲ್ಲ. ಹಿಂದಿನ ಓಣಿಯಲ್ಲಿ ಸೈಕಲ್ ರಿಪೇರಿಯವನೊಬ್ಬ ಬೆಳಿಗ್ಗೆಯಿಂದ ಪಂಕ್ಚರ್ ಹಾಕುತ್ತಾ ಕೂತಿದ್ದ. ಹೊಸಬರು ಯಾರಾದರೂ ಮಗು ಎತ್ತಿಕೊಂಡು ಹೋದರೇ ಎಂದು ಇನ್ಸ್‌ಪೆಕ್ಟರ್ ಕೇಳಿದ. ಯಾರೂ ಹೋಗಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ ಎಂದ.

ಮಗುವಿನ ತಾಯಿ ಗಾರ್ಮೆಂಟ್ಸ್‌ನಲ್ಲಿ ಗುಂಡಿ ಹೊಲಿಯುವವಳು. ಕೊರಳಲ್ಲಿ ಫ್ಯಾಕ್ಟರಿಯ ಅಳತೆ ಟೇಪು ಹಾಗೇ ಇಟ್ಟುಕೊಂಡು ಓಡಿ ಬಂದಿದ್ದಳು. ಯಾರ ಮೇಲೆ ಅನುಮಾನ ಎಂದು ಕೇಳಿದ್ದಕ್ಕೆ ಗಂಡನ ಹೆಸರು ಹೇಳಿದಳು. ಎಂಟು ತಿಂಗಳಿಂದ ಇಬ್ಬರೂ ಬೇರೆ. ಮಗುವನ್ನು ಎತ್ತಿಕೊಂಡು ಹೋಗುತ್ತೇನೆ ಎಂದು ಅವನು ಒಮ್ಮೆ ಹೆದರಿಸಿದ್ದನಂತೆ.

ಅವನನ್ನು ಹುಡುಕುವುದರಲ್ಲಿ ಒಂದೂವರೆ ಗಂಟೆ ಹೋಯಿತು. ಸಿಕ್ಕಿದ್ದು ಲಾರಿ ಸ್ಟ್ಯಾಂಡಿನಲ್ಲಿ, ಬೆನ್ನ ಮೇಲೆ ಮೂಟೆ ಹೊತ್ತವನಾಗಿ. ಬೆಳಿಗ್ಗೆ ಏಳರಿಂದ ಅಲ್ಲೇ ಇದ್ದ ಎನ್ನಲು ಹತ್ತು ಜನ ಸಾಕ್ಷಿ. ವಿಷಯ ಕೇಳಿ ಮೂಟೆ ಅಲ್ಲೇ ಕೆಡವಿದ. "ಔಷಧಿ ಹಾಕಿದ್ರಾ ಸಾರ್?" ಎಂಬುದು ಅವನ ಮೊದಲ ಮಾತು. ಹುತ್ತ ಬಡಿದು ಹಾವು ಹಿಡಿಯಲು ಹೊರಟಿದ್ದೆವು ಎಂದು ಇನ್ಸ್‌ಪೆಕ್ಟರಿಗೆ ಆಗಲೇ ಅನ್ನಿಸಿತು. ಅವನನ್ನೂ ಜೀಪಿಗೆ ಹತ್ತಿಸಿಕೊಂಡ.

ಮತ್ತೆ ಕೇಂದ್ರಕ್ಕೆ ಬಂದಾಗ 1.55. ಕೇಂದ್ರದಲ್ಲೇ ಉಳಿದಿದ್ದ ಮಹಿಳಾ ಕಾನ್‌ಸ್ಟೇಬಲ್ ಅಷ್ಟರಲ್ಲಿ ಎಲ್ಲರ ಹೇಳಿಕೆ ತೆಗೆದುಕೊಂಡಿದ್ದಳು. ಅಡುಗೆಯಕ್ಕ ಮಾತ್ರ ಬಿ.ಪಿ. ಮಾತ್ರೆ ನುಂಗಿ ಬರುತ್ತೇನೆಂದು ಹಿಂದಿನ ಬೀದಿಯ ತನ್ನ ರೂಮಿಗೆ ಈಗಷ್ಟೇ ಹೋಗಿದ್ದಳು. ಹನ್ನೆರಡು ವರ್ಷದಿಂದ ಇಲ್ಲಿ ಅಡುಗೆ ಮಾಡುವವಳು, ತೂಕದ ದಿನ ಮಕ್ಕಳನ್ನು ತಕ್ಕಡಿಗೆ ಹಾಕುವವಳೂ ಅವಳೇ. ಮುಳ್ಳು ನಿಲ್ಲುವ ಮೊದಲೇ ಇಂತಿಷ್ಟು ಅಂತ ಹೇಳಿಬಿಡುತ್ತಾಳೆ, ಅವಳ ಸೊಂಟವೇ ತಕ್ಕಡಿ ಎಂದು ಟೀಚರ್ ಹೇಳಿದ್ದಳಂತೆ. ಕಾನ್‌ಸ್ಟೇಬಲ್ ಅದನ್ನೂ ಬರೆದುಕೊಂಡಿದ್ದಳು.

ಎರಡು ಗಂಟೆ ಹೊಡೆಯಿತು. ತಾಯಿ ಗೋಡೆಗೆ ಒರಗಿ ಕೂತವಳು ಎದುರು ಗೋಡೆಯ ಗಡಿಯಾರ ನೋಡಿ ಕಣ್ಣು ಮುಚ್ಚಿಕೊಂಡಳು.

ಮಗುವಿನ ಔಷಧಿ ತೋರಿಸಿ ಎಂದ ಇನ್ಸ್‌ಪೆಕ್ಟರ್. ಟೀಚರ್ ಬೀರು ಬೀಗ ತೆಗೆದು ಕಂದು ಬಣ್ಣದ ಬಾಟಲಿ ಕೊಟ್ಟಳು. ಸೀಲ್ ಒಡೆದಿರಲಿಲ್ಲ.

"ಇದು ಹೊಸದು. ಹಳೇದು?"

"ನಿನ್ನೆ ಮುಗೀತು ಸಾರ್. ಖಾಲಿ ಬಾಟ್ಲಿ ತೊಳ್ದು ವಾಪಸ್ ಕೊಟ್ರೇನೇ ಮುಂದಿಂದು ಕೊಡೋದು, ಹಾಗೆ ರೂಲ್ಸು. ಬೆಳಿಗ್ಗೆ ನಾನೇ ನೀರು ತುಂಬ್ಸಿ ನೆನೆಹಾಕಿ ಅದು ಇರೋ ಕಡೇನೇ..."

ಅವಳು ಕಿಟಕಿ ಕಟ್ಟೆಯತ್ತ ತಿರುಗಿದಳು. ಅಲ್ಲಿ ಬಾಟಲಿಯ ಗುಂಡನೆಯ ಒದ್ದೆ ಗುರುತು ಅರ್ಧ ಒಣಗಿತ್ತು. ಬಾಟಲಿ ಇರಲಿಲ್ಲ. ಅಳತೆಯ ಮುಚ್ಚಳವೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಆ ಗುರುತನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತ. ಮಗು ಕದ್ದವರು ಔಷಧಿಯನ್ನೂ ಒಯ್ದಿದ್ದಾರೆ. ಅಂದರೆ ಮಗು ಬದುಕಿರಬೇಕು ಅಂತಲೇ ಒಯ್ದಿದ್ದಾರೆ. ಎರಡು ಗಂಟೆಯ ಲೆಕ್ಕ ಅವರಿಗೆ ಗೊತ್ತು, ಬಾಟಲಿ ಇಡುವ ಜಾಗ ಗೊತ್ತು. ಗೊತ್ತಿಲ್ಲದ್ದು ಒಂದೇ, ಅದರೊಳಗೆ ಇರುವುದು ನೀರು.

2.12ಕ್ಕೆ ಅಡುಗೆಯಕ್ಕ ಹಿಂಬಾಗಿಲಿಂದ ಬಂದು ಬೇಳೆ ಪಾತ್ರೆಗೆ ಸೌಟು ಹಾಕಿದಳು. ಇನ್ಸ್‌ಪೆಕ್ಟರ್ ಅಡುಗೆಮನೆ ಬಾಗಿಲಲ್ಲಿ ನಿಂತು, ಯಾರಿಗೂ ಅಲ್ಲ ಎಂಬಂತೆ, ದನಿ ಏರಿಸದೆ ಹೇಳಿದ.

"ಕಿಟಕೀಲಿದ್ದ ಬಾಟ್ಲಿ ಯಾರೋ ತಗೊಂಡಿದಾರೆ. ಅದ್ರಲ್ಲಿರೋದು ಬರೀ ನೀರು. ಔಷಧಿ ಟೀಚರ್ ಬೀರೂಲಿ ಇದೆ."

ಸೌಟು ನಿಂತಿತು. ಅವಳು ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಬನ್ನಿ ಸಾರ್," ಎಂದಳು. "ಬೇಗ ಬನ್ನಿ. ನಾನೇ ಕೈಯಾರೆ ಕುಡಿಸಿ ಬಂದೆ."

ಓಣಿಯಲ್ಲಿ ಎಲ್ಲರೂ ಓಡಿದರು. ಸೈಕಲ್ ರಿಪೇರಿಯವನು ಎದ್ದು ನಿಂತ. ಇವಳು ಮಗು ಎತ್ತಿಕೊಂಡು ಹೋದದ್ದು ನೋಡಲಿಲ್ಲವೇನೋ ಎಂದು ಹೆಡ್ ಕಾನ್‌ಸ್ಟೇಬಲ್ ಗಡಿಯಾರ ಓಡುತ್ತಲೇ ಗದರಿದ.

"ಅಡುಗೆಯಕ್ಕನಾ? ಅವ್ಳ ಸೊಂಟದಲ್ಲಿ ಯಾವಾಗ್ಲೂ ಒಂದು ಮಗು ಇದ್ದೇ ಇರುತ್ತಲ್ಲ ಸಾರ್. ಇಲ್ದಿದ್ರೆ ನೋಡ್ತಿದ್ದೆ."

ಕಿರಿದಾದ ಮೆಟ್ಟಿಲು, ಮೇಲೆ ಒಂದೇ ಕೋಣೆ. ಮೆಟ್ಟಿಲ ಬುಡಕ್ಕೆ ಬರುವಾಗಲೇ ಸದ್ದು ಕೇಳಿಸಿತು. ಯಾರೋ ತಟ್ಟೆಗೆ ಚಮಚದಿಂದ ಬಡಿಯುತ್ತಿದ್ದರು, ಬಿಡದೆ, ಹುಚ್ಚು ಹಿಡಿದವರ ಹಾಗೆ.

"ನಮ್ಮನೆಯವ್ರು," ಎಂದಳು ಅಡುಗೆಯಕ್ಕ. "ಮಾತು ಬಿದ್ದೋಗಿದೆ. ಒಂದು ಕೈ ಮಾತ್ರ ಆಡುತ್ತೆ." ಅವಳು ಸೆರಗಿನ ಗಂಟು ಬಿಚ್ಚಿದಳು. ಗಡಿಯಾರ ಬೀಗದ ಕೈ ಕಿತ್ತುಕೊಂಡು ತೆಗೆದ.

ಲಕ್ವ ಹೊಡೆದ ಮುದುಕ ಮಂಚದ ಅಂಚಿಗೆ ಜಾರಿ ಬಂದಿದ್ದ. ಕೆಳಗೆ ಚಾಪೆಯ ಮೇಲೆ ಹಳದಿ ಅಂಗಿಯ ಮಗು ಸೆಟೆದು ನಡುಗುತ್ತಿತ್ತು. ಕಣ್ಣು ಮೇಲಕ್ಕೆ ಹೋಗಿದ್ದವು. ತಾಯಿ ಬಾಗಿಲಿಂದಲೇ ಮಗುವಿನ ಹೆಸರು ಕೂಗಿದಳು. ಮಹಿಳಾ ಕಾನ್‌ಸ್ಟೇಬಲ್ ಮಗುವನ್ನು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದಳು. ಟೀಚರ್ ಹೊಸ ಬಾಟಲಿ ಬಿಚ್ಚಲು ಹೋದಾಗ, ಈಗ ಬಾಯಿಗೆ ಏನೂ ಹಾಕಬೇಡಿ ಎಂದು ತಡೆದಳು. ಮಗುವನ್ನು ಎದೆಗೊತ್ತಿಕೊಂಡು ಇಳಿದದ್ದು ಮಗುವಿನ ಅಪ್ಪ. ಮೂಟೆ ಹೊರುವವನು, ಅಷ್ಟು ಮೆತ್ತಗೆ ಏನನ್ನೂ ಹೊತ್ತಿರಲಿಲ್ಲ.

2.24ಕ್ಕೆ ಜೀಪು ಆಸ್ಪತ್ರೆ ತಲುಪಿತು. ಚುಚ್ಚುಮದ್ದು ಕೊಟ್ಟ ಮೇಲೆ ನಾಲ್ಕು ನಿಮಿಷಕ್ಕೆ ನಡುಕ ನಿಂತಿತು.

3.30ಕ್ಕೆ ಇಬ್ಬರು ಪಂಚರ ಮುಂದೆ ಕೋಣೆಯ ಪಂಚನಾಮೆ ಆಯಿತು. ಕಂದು ಬಾಟಲಿ ಒಂದು, ಕೊರಳ ಮಟ್ಟಕ್ಕೆ ನೀರು. ಅಳತೆ ಮುಚ್ಚಳ ಒಂದು. ತಲೆದಿಂಬಿನ ಪಕ್ಕ ಮಡಿಸಿಟ್ಟ ಮಗುವಿನ ಒಣ ಚಡ್ಡಿ ಎರಡು. 4.10ಕ್ಕೆ ಅಡುಗೆಯಕ್ಕನ ಬಂಧನ. ಗಂಡನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಇನ್ಸ್‌ಪೆಕ್ಟರ್ ಕೇಳಿದ. ಅವಳು ಟೀಚರ್ ಕಡೆ ನೋಡಿದಳು. ಟೀಚರ್ ತಲೆಯಾಡಿಸಿದಳು.

ಠಾಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ತೂಕದ ದಿನ ಬಾರದ ಮಗುವಿಗೆ ಹಿಂದಿನ ತಿಂಗಳ ತೂಕವೇ ಮುಂದುವರಿಯುತ್ತದೆ, ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ. ಮೇಡಂ ಒಂದು ಗಂಟೆಗೆ ಹೊರಡುತ್ತಾರೆ, ಆಮೇಲೆ ಮಗುವನ್ನು ತಂದು ಹಿತ್ತಲಲ್ಲಿ ಸಿಕ್ಕಿತು ಅನ್ನುವುದು ಅವಳ ಲೆಕ್ಕ. ಪೊಲೀಸರು ಬಂದದ್ದರಿಂದ ಮೇಡಂ ಹೊರಡಲಿಲ್ಲ. ತಾಯಿಗಾದರೂ ಯಾಕೆ ಹೇಳಲಿಲ್ಲ ಎಂದರೆ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಳು.

"ಬಾಟ್ಲಿ ಎತ್ತಿದಾಗ ಗೊತ್ತಾಗ್ಲಿಲ್ವಾ?"

"ತುಂಬಿದ ಹಾಗೇ ತೂಕ ಇತ್ತು ಸಾರ್. ಅದಕ್ಕೇ ನಂಬ್ದೆ. ಬಣ್ಣ ನೀರಾಗಿ ಕಂಡ್ರೂ, ಹೊಸ ಔಷಧಿ ಹೀಗೇ ಇರಬೋದು ಅಂದ್ಕೊಂಡೆ."

ಆಮೇಲೆ, ಕೇಳದೆಯೇ, ಆರು ವರ್ಷದ ಹಿಂದಿನ ಮಾತು ಹೇಳಿದಳು. ಇದೇ ಕಾಯಿಲೆಯ ಒಂದು ಗಂಡು ಮಗು ಇತ್ತು. ತಕ್ಕಡಿಗೆ ಹಾಕಿದವಳು ಇವಳೇ. ಗೆರೆಯನ್ನು ಇನ್ನೂರು ಗ್ರಾಂ ದಾಟಿದ್ದ. ತನ್ನ ಅಡುಗೆ ಮೈಗೆ ಹತ್ತಿತು ಅಂತ ಖುಷಿಗೆ ಹಾಲ್‌ನಲ್ಲಿದ್ದವರೆಲ್ಲ ಕೇಳುವಂತೆ ಕೂಗಿ ಹೇಳಿದ್ದಳು. ಹೆಸರು ಹೊಡೆದರು, ಔಷಧಿ ನಿಂತಿತು. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ ಚೀಟಿ ಅವನ ಅಮ್ಮನ ಹತ್ತಿರವೇ ಇತ್ತು, ಕೆಲಸದ ದಿನ ಸಾಲಲ್ಲಿ ನಿಲ್ಲಲು ರಜೆ ಸಿಕ್ಕಿರಲಿಲ್ಲ. ಹತ್ತೊಂಬತ್ತನೇ ದಿನಕ್ಕೆ ಮಗು ಹೋಯಿತು.

"ಉಣ್ಣಿಸಿದವಳೂ ನಾನೇ, ತೂಗಿದವಳೂ ನಾನೇ," ಎಂದಳು.

5.40ಕ್ಕೆ ಆಸ್ಪತ್ರೆಯಿಂದ ಮಹಿಳಾ ಕಾನ್‌ಸ್ಟೇಬಲ್ ಫೋನು ಮಾಡಿದಳು. ಇನ್ಸ್‌ಪೆಕ್ಟರ್ ಕೇಳಿಸಿಕೊಂಡು ಒಂದು ಚೀಟಿಯಲ್ಲಿ ಗುರುತು ಹಾಕಿದ. ಮಗುವಿಗೆ ಎಚ್ಚರ ಆಗಿದೆ, ಹಾಲು ಕುಡಿಯಿತು, ಅಲ್ಲೂ ತೂಕ ಮಾಡಿದರು ಎಂದು ಅಡುಗೆಯಕ್ಕನಿಗೆ ಹೇಳಿದ.

"ಎಂಟು ಏಳ್ನೂರು," ಎಂದಳು ಅಡುಗೆಯಕ್ಕ, ತಲೆ ಎತ್ತದೆ.

ಇನ್ಸ್‌ಪೆಕ್ಟರ್ ಚೀಟಿ ನೋಡಿದ. ಅಷ್ಟೇ ಇತ್ತು. ಅದನ್ನು ಗಡಿಯಾರನ ಕಡೆಗೆ ಸರಿಸಿದ.

"ಪಟ್ಟೀಲಿ ಹೆಸರು ಹೊಡೀತಾರಾ ಸಾರ್?"

"ಕೇಂದ್ರದ ಪಟ್ಟೀಲಿ ಹೊಡೀತಾರೆ. ಆದ್ರೆ ಫಿಟ್ಸ್ ಬಂದು ಸೇರಿದ ಮಗು ಅಂತ ಆಸ್ಪತ್ರೆಯೋರು ಇನ್ನೊಂದು ಪಟ್ಟೀಲಿ ಬರ್ಕೊಂಡಿದಾರೆ. ಆರು ತಿಂಗಳು ಔಷಧಿ ಮನೆಗೇ ಬರುತ್ತೆ."

ಅವಳು ತಲೆ ಎತ್ತಿದಳು.

"ಹಾಗಾದ್ರೆ ಫಿಟ್ಸ್ ಬಂದಿದ್ದಕ್ಕೇ ಕೊಟ್ರು," ಎಂದಳು.

ಇನ್ಸ್‌ಪೆಕ್ಟರ್ ಹೇಳಿಕೆಯ ಹಾಳೆ ಮುಂದಿಟ್ಟ. ಅವಳು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, ತೋರಿಸಿದ ಜಾಗದಲ್ಲಿ ಒತ್ತಿದಳು. ಗಡಿಯಾರ ಗೋಡೆಯ ಕಡೆ ನೋಡಿ ಹೊತ್ತು ಬರೆಯಲು ಪೆನ್ನೆತ್ತಿದವನು, ಯಾಕೋ ಸ್ವಲ್ಪ ತಡೆದು ಬರೆದ.